ಭಾವ ಒಲೆ ಹಚ್ಚಿದ ದಿನ

ಬೆಳಗ್ಗೆ ಎದ್ದು ನಲ್ಲಿ ನೀರು ಹಿಡಿದೆ. ಡ್ರಮ್ಮು, ಕೊಡ, ಬಚ್ಚಲ ಬಕೆಟ್ಟು ಎಲ್ಲ ತುಂಬಿದವು. ಅಂಗಳ ಗುಡಿಸಿ, ನೀರು ಚಿಮುಕಿಸಿ, ಕೈಗೆ ಬಂದ ಹಾಗೆ ಒಂದು ರಂಗೋಲಿ ಎಳೆದೆ. ಅಕ್ಕನ ಮುಖ ತೊಳೆಸಿ ಮಾತ್ರೆ ಕೊಟ್ಟೆ. ಅವಳ ಹಾಸಿಗೆ ಕೊಡವಿ ಚಾದರ ನೆನೆಹಾಕಿದೆ. ಹಾಲು ಕಾಯಿಸಿದೆ. ಹರಿಹರಕ್ಕೆ ಫೋನು ಮಾಡಿ, ಶೇಂಗಾ ಚಟ್ನಿಪುಡಿ ಯಾವ ಡಬ್ಬಿಯಲ್ಲಿದೆ ಎಂದು ನಮ್ಮ ಮನೆಯವರಿಗೆ ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳಿದೆ. ಮೆಂತ್ಯ ಸೊಪ್ಪು ಬಿಡಿಸಿಟ್ಟೆ. ಇನ್ನು ಗಂಜಿಗೆ ಅಕ್ಕಿ ತೊಳೆಯಬೇಕು ಅನ್ನುವಷ್ಟರಲ್ಲಿ ಭಾವ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಪಂಚೆ ಮೇಲೆ ಕಟ್ಟಿದ್ದರು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಸರಿ ಅತ್ಲಾಗೆ. ಇವತ್ತು ಅಡಿಗೆ ನಂದು."

ಭಾವ ಎಂದರೆ ನನ್ನ ಅಕ್ಕನ ಗಂಡ. ಇವರು ಮೆಚ್ಚಿದ ಊಟ ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ. ಮುಂದೆ ತಯಾರಾಗುವ ಲಕ್ಷಣವೂ ನನಗೆ ಕಾಣುವುದಿಲ್ಲ. ಹುಟ್ಟಿದಾಗ ತಾಯಿಯ ಹಾಲಿಗೂ ಏನಾದರೂ ಕೊಂಕು ತೆಗೆದು ಹೆಸರಿಡುತ್ತಿದ್ದರು, ಆದರೆ ಆಗ ಮಾತು ಬರುತ್ತಿರಲಿಲ್ಲವಾದ್ದರಿಂದ ಅತ್ತು ಸುಮ್ಮನಾಗಿರಬೇಕು. ತಮ್ಮ ಮದುವೆಯ ದಿನ, ಕೊಕ್ಕನೂರಿನ ನಮ್ಮ ಮನೆಯ ಚಪ್ಪರದಲ್ಲಿ, ಬಾಸಿಂಗ ಕಟ್ಟಿಕೊಂಡು ಕೂತ ಮದುಮಗ ಮೊದಲ ತುತ್ತು ಹೋಳಿಗೆ ಬಾಯಿಗಿಟ್ಟು, "ಹೂರಣಕ್ಕೆ ಏಲಕ್ಕಿ ಇನ್ನೊಂದು ಚೂರು ಬೇಕಿತ್ತು" ಎಂದುಬಿಟ್ಟರು. ಹೆಣ್ಣಿನ ಕಡೆಯವರೆಲ್ಲ ತಣ್ಣಗಾದರು. ನಮ್ಮಪ್ಪ ಒಬ್ಬರೇ, "ಹುಡುಗ ಶಾಣ್ಯಾ ಅದಾನೆ" ಎಂದು ಸಂತೋಷಪಟ್ಟರು. ಆ ಶಾಣ್ಯಾತನವನ್ನು ದಿನಾ ಬಡಿಸಿಕೊಂಡು ಬಾಳಬೇಕಾದವಳು ಅಕ್ಕ ತಾನೆ, ಅಪ್ಪನಿಗೇನು?

ದಾವಣಗೆರೆಯಲ್ಲಿ ಹುಟ್ಟಿ ಬೆಳೆದವರು ಬೆಣ್ಣೆ ದೋಸೆ ತಿಂದು, "ಬೆಣ್ಣೆ ಜಾಸ್ತಿ ಆಯ್ತು" ಅಂದದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಭಾವ ಅಂದಿದ್ದಾರೆ. ಅಂದವರ ಮುಖ ನೋಡಲಿಕ್ಕೆಂದೇ ದೋಸೆ ಹುಯ್ಯುವವನು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಎದ್ದು ಬಂದಿದ್ದ. ಒಮ್ಮೆ ಕಡರನಾಯಕನಹಳ್ಳಿಯಲ್ಲಿ ನೆಂಟರ ಗೃಹಪ್ರವೇಶ. ಇವರು ಪಂಕ್ತಿಗೆ ಕೂರುವ ಮೊದಲು ನೇರ ಅಡಿಗೆಯವರ ಚಪ್ಪರಕ್ಕೆ ಹೋಗಿ ಒಂದೊಂದೇ ಹಂಡೆಯ ಮುಚ್ಚಳ ತೆಗೆದು ಮೂಸಿದರು. ಬೆವರು ಸುರಿಸುತ್ತಿದ್ದ ಅಡಿಗೆಯವನಿಗೆ ರೇಗಿಹೋಯಿತು. ಸೌಟನ್ನೇ ಇವರ ಮುಂದೆ ಹಿಡಿದ.

"ಬರ್ರಿ ಯಜಮಾನ್ರೆ, ನೀವೇ ಮಾಡ್ರಿ."

"ಗಡಿಯಾರ ತಪ್ಪು ತೋರಿಸ್ತೈತೆ ಅನ್ನಾಕೆ ಗಡಿಯಾರ ರಿಪೇರಿ ಬರಬೇಕೇನಪ್ಪ?" ಎಂದರು ಭಾವ, ಮತ್ತು ಸೌಟು ಮುಟ್ಟಲಿಲ್ಲ. ಅವತ್ತೇನು, ಇವತ್ತಿನವರೆಗೂ ಮುಟ್ಟಿರಲಿಲ್ಲ.

ಅಕ್ಕ ಇದಕ್ಕೆಲ್ಲ ಅತ್ತವಳಲ್ಲ, ಜಗಳಕ್ಕೆ ನಿಂತವಳೂ ಅಲ್ಲ. ಸಾರಿಗೆ ಹುಳಿ ಸಾಲದು, ಪಲ್ಯ ಬೆಂದಿಲ್ಲ, ರೊಟ್ಟಿ ಅಂಚು ದಪ್ಪ ಎಂದು ಭಾವ ಹೆಸರಿಟ್ಟು ಮುಗಿಸುವ ತನಕ ಕಾಯುತ್ತಾಳೆ. ಆಮೇಲೆ ತನ್ನ ತಟ್ಟೆಗೆ ಬಡಿಸಿಕೊಂಡು ನೆಮ್ಮದಿಯಾಗಿ ಉಣ್ಣುತ್ತಾಳೆ. ಅವಳ ಮಟ್ಟಿಗೆ ಅದು ಊಟಕ್ಕೆ ಮುಂಚಿನ ಶಾಸ್ತ್ರ.

ಇಂಥ ಅಕ್ಕನಿಗೆ ಟೈಫಾಯ್ಡ್ ಆಯಿತು. ಮಕ್ಕಳಿಲ್ಲದ ಮನೆ, ನೋಡಿಕೊಳ್ಳುವವರು ಬೇಕು, ನಾನು ಹರಿಹರದಿಂದ ಬಂದೆ. ಜ್ವರವೇನೋ ಇಳಿಯಿತು. ಆದರೆ ಅನ್ನ ಸೇರಲಿಲ್ಲ. ಗಂಜಿ ಒಂದೆರಡು ಚಮಚ ಕುಡಿದು ಗೋಡೆಯ ಕಡೆ ಹೊರಳಿಬಿಡುವಳು. ಕಣ್ಣು ಒಳಗಿಳಿದವು, ಕೈಬಳೆ ಮೊಣಕೈಗೆ ಜಾರಿದವು. ನಿನ್ನೆ ಡಾಕ್ಟರು ನೋಡಿ ಗಂಭೀರವಾದರು. ಇವತ್ತು ಸಂಜೆಯೊಳಗೆ ಹೊಟ್ಟೆಗೆ ಏನಾದರೂ ಹೋಗದಿದ್ದರೆ ಅಡ್ಮಿಟ್ ಮಾಡಿ ಡ್ರಿಪ್ ಏರಿಸಲೇಬೇಕು ಎಂದರು. ಅಕ್ಕನಿಗೆ ಆಸ್ಪತ್ರೆ ಎಂದರೆ ಮೊದಲೇ ಎದೆನಡುಕ. ಆ ಮಾತು ಕೇಳಿ ಇದ್ದ ಒಂದು ಚಮಚವೂ ನಿಂತುಹೋಯಿತು.

ಇದರ ನಡುವೆ ಭಾವನ ಎರಡು ನಾಲಿಗೆಯ ಆಟ ಬೇರೆ. ನಾನು ಮಾಡಿದ ಗಂಜಿಯನ್ನು ಅಡಿಗೆಮನೆಯಲ್ಲಿ ರುಚಿ ನೋಡಿ, ಅಕ್ಕನಿಗೆ ಕೇಳಿಸದ ಹಾಗೆ, "ಏನವ್ವ ಇದು, ಉಪ್ಪಿಲ್ಲ, ಜೀರಿಗೆ ಹಸಿಹಸಿ, ಗೋಡೆಗೆ ಪೋಸ್ಟರ್ ಹಚ್ಚಾಕೆ ಮಾಡೀಯೇನು?" ಅನ್ನುವರು. ಅದೇ ಬಟ್ಟಲು ಹಿಡಿದು ಅಕ್ಕನ ಕೋಣೆಯ ಹೊಸ್ತಿಲು ದಾಟಿದರೆ ಸಾಕು, ದನಿಯಲ್ಲಿ ಜೇನು ಸುರಿಯುವುದು. "ಭಾಳ ಚೆನ್ನಾಗೈತೆ ನೋಡು. ನಾನೇ ಒಂದು ಬಟ್ಟಲು ಕುಡಿಯೋನಿದ್ದೆ. ತಗೋ." ನಿನ್ನೆ ಸಂಜೆ ನನಗೂ ತಾಳ್ಮೆ ತಪ್ಪಿತು.

"ಭಾವಾರೆ, ಒಳಗೊಂದು ಹೊರಗೊಂದು ಮಾತು ಬ್ಯಾಡ್ರಿ. ಅಷ್ಟು ಗೊತ್ತಿದ್ರೆ ನೀವೇ ಮಾಡ್ರಿ."

ಕಡರನಾಯಕನಹಳ್ಳಿಯಲ್ಲಿ ಸೌಟು ಮುಟ್ಟದವರು ದಾವಣಗೆರೆ ವಿನೋಬನಗರದ ಸ್ವಂತ ಮನೆಯಲ್ಲಿ ಮುಟ್ಟಿಯಾರೇ ಎಂಬ ಧೈರ್ಯದಿಂದ ಅಂದದ್ದು. ಇವತ್ತು ಬಂದೇ ಬಿಟ್ಟರು.

ಅಡಿಗೆ ಗೊತ್ತಿಲ್ಲ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ಯಾಕೆಂದರೆ ಭಾವನದು ಮಂಡಕ್ಕಿ ಭಟ್ಟಿ. ಉಪ್ಪುನೀರು ಕುಡಿಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿದು, ಬಿಡದೆ ಆಡಿಸಿದರೆ ಅದು ಮಲ್ಲಿಗೆಯಂತೆ ಅರಳುತ್ತದೆ. ಅದನ್ನು ಮೂಟೆಗಟ್ಟಲೆ ಮಾಡಿಸಿದವರು. "ಅಕ್ಕಿಗೂ ಬೆಂಕಿಗೂ ಇರೋ ಸಂಬಂಧ ನಂಗೆ ಗೊತ್ತಿದ್ದಷ್ಟು ನಿಮ್ಮ ವಂಶಕ್ಕೇ ಗೊತ್ತಿಲ್ಲ" ಎಂದು ನನ್ನನ್ನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂಡಿಸಿದರು.

ಮೊದಲು ನಮ್ಮಿಬ್ಬರ ನಾಷ್ಟಾಕ್ಕೆ ಉಪ್ಪಿಟ್ಟು ಎಂದಾಯಿತು.

"ಏ, ರವಾ ಎಲ್ಲೈತೆ?" ಎಂದು ಕೋಣೆಯ ಕಡೆ ಕೂಗಿದರು.

"ನಿಮ್ಮ ಮೂಗಿನ ಮುಂದೆ" ಎಂದಿತು ಅಕ್ಕನ ಸೋತ ದನಿ.

"ಉಪ್ಪು?"

"ಅದರ ಪಕ್ಕದಾಗೆ."

"ಬಾಣಲಿ?"

"ಅದು ನಿಮ್ಮ ಕೈಯಾಗೇ ಇರಬೇಕು ನೋಡ್ರಿ."

ಇತ್ತು. ಗ್ಯಾಸು ಹಚ್ಚಿ ಉರಿಯನ್ನು ಪೂರ್ತಿ ಎತ್ತಿದರು. ಸಣ್ಣ ಮಾಡ್ರಿ ಎಂದೆ. "ಬೆಂಕಿ ಅಂದ್ರೆ ಬೆಂಕಿ. ಸಣ್ಣ ಉರಿ, ನಡುವಿನ ಉರಿ ಅನ್ನೋದೆಲ್ಲ ಧೈರ್ಯ ಇಲ್ಲದೋರ ಮಾತು" ಎಂದರು. ರವೆ ಸುರಿದರು, ಆಡಿಸಿದರು. ರವೆ ಘಮ್ಮೆಂದಿತು. ಇನ್ನೂ ಆಡಿಸಿದರು. ಕೆಂಪಾಯಿತು. ಬಾಗಿ ಬಾಣಲೆಯನ್ನೇ ನೋಡುತ್ತ ಮತ್ತೂ ಆಡಿಸಿದರು.

"ಏನು ಕಾಯಾಕತ್ತೀರಿ ಭಾವಾರೆ?"

"ಅರಳಲಿ ಅಂತ."

"ರವಾ ಅರಳಲ್ರಿ."

ಭಾವ ನನ್ನ ಕಡೆ ತಿರುಗಿದರು. ಮುಖದಲ್ಲಿ ನಿಜವಾದ ಗಾಬರಿಯಿತ್ತು. "ಮತ್ತೆ ಹುರಿದಾಗೈತೆ ಅಂತ ಗೊತ್ತಾಗೋದು ಹೆಂಗೆ?"

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆಯ ದನಿ ಬಂತು. "ಯಾಕ್ರೀ, ಕಾಫಿ ಬೀಜ ಹುರಿಯಾಕತ್ತೀರೇನು? ನಮಗೂ ಒಂದು ಲೋಟ ಇರ್ಲಿ."

"ಚಾ ಕುಡಿಯೋರು ನೀವು. ನಿಮಗ್ಯಾಕ ಕಾಫಿ ಉಸಾಬರಿ?" ಎಂದು ಭಾವ ಕಿಟಕಿ ಮುಚ್ಚಿದರು. ಕಿಟಕಿ ಮುಚ್ಚಿದ್ದರಿಂದ ಹೊಗೆಯೆಲ್ಲ ನನ್ನ ಪಾಲಾಯಿತು. ರವೆಯನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿದು ಬಂದೆ. ಇರುವೆಗಳು ಬಂದು ಸುತ್ತಮುತ್ತ ನೋಡಿ ತಮ್ಮ ಪಾಡಿಗೆ ಹೋದವು.

ನಾಷ್ಟಾ ಹೋದರೆ ಹೋಗಲಿ, ಈಗ ಅಕ್ಕನಿಗೆ ಅನ್ನ ಎಂದರು. ಗಂಜಿ ಅಲ್ಲ, ಅನ್ನ. "ಗಂಜಿ ಕುಡಿದೇ ಆಕೆ ಬಾಯಿ ಸತ್ತೈತೆ. ಮಲ್ಲಿಗೆ ಮೊಗ್ಗಿನಂಗೆ ಬಿಡಿಬಿಡಿ ಅನ್ನ ಮಾಡಿ, ತುಪ್ಪ ಹಾಕಿ ಕೊಡ್ತೀನಿ. ಹೆಂಗೆ ಉಣ್ಣಲ್ಲ ನೋಡೋಣ." ಅಕ್ಕಿ ತೊಳೆದರು. ತೊಳೆದ ಅಕ್ಕಿಗೆ ಉಪ್ಪುನೀರು ಹಾಕಿಟ್ಟರು. ನಾನು ಚಾದರ ಒಗೆದು ಹಿಂಡಿ ಮಾಳಿಗೆಗೆ ಹೋಗಿ ನೋಡುತ್ತೇನೆ, ಬಿಸಿಲಲ್ಲಿ ಬಿಳಿ ಪಂಚೆ ಹಾಸಿ ಅದರ ಮೇಲೆ ಅಕ್ಕಿ ಹರವಿದ್ದಾರೆ. ಪಾರಿವಾಳಗಳು ಆಗಲೇ ಪಂಕ್ತಿಯಲ್ಲಿ ಕೂತಿವೆ.

"ಅನ್ನಕ್ಕೆ ಅಕ್ಕಿ ಒಣಗಿಸ್ತಾರೇನ್ರಿ?"

"ಹಸಿ ಅಕ್ಕಿಗೆ ಬೆಂಕಿ ತೋರಿಸಿದ್ರೆ ಒಡೀತಾವವ್ವ" ಎಂದರು ಭಾವ, ಕಲಿಸುವವರ ಸಮಾಧಾನದಿಂದ.

"ನೀರಿಗೆ ಹಾಕೋ ಅಕ್ಕಿ ಅದು!"

"ಅದು ಆಮ್ಯಾಲಿನ ಮಾತು."

ನಾನು ಚಾದರ ಹರವಿ, ಕೆಳಗಿಳಿದು, ಅಕ್ಕನ ತಲೆ ಬಾಚಿ, ಅವಳ ಒಣತುಟಿಗೆ ತುಪ್ಪ ಸವರಿ ಅಡಿಗೆಮನೆಗೆ ಬರುವ ಹೊತ್ತಿಗೆ ಒಲೆಯ ಮೇಲೆ ಮನೆಯ ಅತಿ ದೊಡ್ಡ ಪಾತ್ರೆ ಕೂತಿತ್ತು. ಗೌರಿ ಹಬ್ಬಕ್ಕೆ ಮಾತ್ರ ಇಳಿಸುವ ಪಾತ್ರೆ. ಒಳಗೆ ನೀರು ತಳಪಳ ಕುದಿಯುತ್ತಿತ್ತು. ಭಾವ ಒಂದೇ ಸಮ ಸೌಟು ತಿರುವುತ್ತಿದ್ದರು. ಬಗ್ಗಿ ನೋಡಿದೆ. ಅಕ್ಕಿ ಕಾಣಲಿಲ್ಲ.

"ಎಷ್ಟು ಹಾಕಿದ್ರಿ?"

"ಒಂದು ಹಿಡಿ."

"ಮೂರು ಜನಕ್ಕೆ?"

"ನೋಡವ್ವ, ಅಕ್ಕಿ ಎಷ್ಟು ಅರಳ್ತೈತೆ ಅನ್ನೋ ಲೆಕ್ಕ ನಂಗೆ ಹೇಳಬ್ಯಾಡ. ಒಂದು ಹಿಡಿ ಹಾಕಿದ್ರೆ ಬುಟ್ಟಿ ತುಂಬ್ತೈತೆ. ಬುಟ್ಟಿ ತುಂಬೋ ಅನ್ನಕ್ಕೆ ಅಷ್ಟು ನೀರು ಬ್ಯಾಡೇನು?"

"ಹಂಗೆ ತಿರುವುತ್ತಾನೇ ಇದ್ರೆ ಮುದ್ದೆ ಆಗ್ತೈತ್ರಿ."

"ಕೈ ನಿಲ್ಲಿಸಿದ್ರೆ ಸೀದು ಹೋಗ್ತೈತೆ. ಭಟ್ಟಿ ಕಂಡೀಯೇನು ನೀನು?"

ಭಟ್ಟಿ ನಾನು ಕಂಡಿಲ್ಲ. ಸ್ಟೂಲಿಗೆ ಹೋಗಿ ಕೂತೆ. ಭಾವ ತಿರುವಿದರು. ಬೆವರಿದರು. ಹೆಗಲ ವಸ್ತ್ರದಿಂದ ಒರೆಸಿಕೊಂಡು ಮತ್ತೆ ತಿರುವಿದರು. ಬುಟ್ಟಿ ತುಂಬಲಿಲ್ಲ. ಹಿಡಿಯಷ್ಟೂ ಉಳಿಯಲಿಲ್ಲ. ಅಕ್ಕಿ ನುರಿದು, ಕರಗಿ, ನೀರಿಗೆ ಬೆಳ್ಳಗೆ ಒಂದು ಹೊಳಪು ಕೊಟ್ಟು ಮಾಯವಾಯಿತು. ಗಂಜಿ ಬೇಡವೆಂದು ಹಟ ಹಿಡಿದವರು ಪಾತ್ರೆ ತುಂಬ ಗಂಜಿಯ ಮುಂದೆ ನಿಂತಿದ್ದರು.

ನಗಬೇಕೆಂದಿದ್ದೆ, ಆಗಲಿಲ್ಲ. ಅವರ ಮುಖ ಹಾಗಿತ್ತು. ಮಧ್ಯಾಹ್ನವಾಗಿತ್ತು. ಸಂಜೆಯೊಳಗೆ ಎಂದು ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೂ ನೆನಪಿತ್ತು. ಭಾವ ಒಂದು ಬಟ್ಟಲಿಗೆ ಬಗ್ಗಿಸಿಕೊಂಡು ಅಕ್ಕನ ಕೋಣೆಗೆ ನಡೆದರು. ನಾನು ಹಿಂದೆ ಹೋದೆ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಇನ್ನು ಜೇನು ಸುರಿಯುತ್ತದೆ ಎಂದು ಕಾದೆ.

ಭಾವ ಮಂಚದ ಅಂಚಿಗೆ ಕೂತು, ಬಿಸಿ ನೋಡಲು ಒಂದು ಚಮಚ ತಮ್ಮ ಬಾಯಿಗೆ ಹಾಕಿಕೊಂಡರು. ಅಷ್ಟೇ. ಬೆಳಗಿನಿಂದ ಪಟ್ಟ ಪಾಡೆಲ್ಲ ನಾಲಿಗೆಗೆ ಬಂತು.

"ಥೂ, ಇದೇನು ಅನ್ನನಾ? ಅಕ್ಕಿ ಎಲ್ಲೈತೆ ಇದರಾಗೆ, ದುರ್ಬೀನು ಹಾಕ್ಕೊಂಡು ಹುಡುಕಬೇಕೇನು? ಉಪ್ಪು ಒಂದು ಕಡೆ, ರುಚಿ ಒಂದು ಕಡೆ. ತಳ ಹತ್ತಿದ ವಾಸನೆ ಬೇರೆ. ಎಮ್ಮೆ ಮುಂದಿಟ್ರೂ ಹಿಂದಕ್ಕೆ ಸರೀತೈತೆ. ಇದನ್ನ ಮಾಡಿದ ಪುಣ್ಯಾತ್ಮ ಯಾವನು?"

ಅಕ್ಕ ನಿಧಾನವಾಗಿ ಈ ಕಡೆ ಹೊರಳಿದಳು. ಗಂಡನ ಮುಖವನ್ನೇ ನೋಡಿದಳು.

"ಇನ್ನೊಂದ್ಸಲ ಅನ್ರಿ."

"ಏನು?"

"ಈಗ ಅಂದ್ರಲ್ಲ, ಅದೇ."

ಭಾವ ಅರ್ಥವಾಗದೆ ನನ್ನನ್ನು ನೋಡಿದರು. ಆಮೇಲೆ ಎಲ್ಲವನ್ನೂ ಮೊದಲಿನಿಂದ ಅಂದರು, ಜೀರಿಗೆ ಹಾಕಿಲ್ಲ ಎಂಬುದನ್ನು ಹೊಸದಾಗಿ ಸೇರಿಸಿದರು. ಅಕ್ಕನ ಹೊಟ್ಟೆ ಅಲುಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಇದ್ದವು. ನಾನು ಹಿಡಿದು ಎಬ್ಬಿಸಿ ದಿಂಬಿಗೆ ಒರಗಿಸಿದೆ. "ಕೊಡ್ರಿ ಇಲ್ಲಿ" ಎಂದು ಬಟ್ಟಲು ಇಸಿದುಕೊಂಡಳು. ಚಮಚ ಬಿಟ್ಟು ಬಟ್ಟಲಿಗೇ ಬಾಯಿ ಹಚ್ಚಿ ಕುಡಿದಳು. ತಳ ಕಂಡ ಮೇಲೆ ಬಾಯಿ ಒರೆಸಿಕೊಂಡು ಹೇಳಿದಳು.

"ಜ್ವರ ಬಂದಾಗಿಂದ ನೀವು ಒಂದು ತುತ್ತಿಗೂ ಹೆಸರಿಡಲಿಲ್ಲ. ಇವಳ ಸಪ್ಪನೆ ಗಂಜಿಗೂ ಭಾಳ ಚೆನ್ನಾಗೈತೆ ಅಂದ್ರಿ. ಆವಾಗಲೇ ನನ್ನೆದೆ ಧಸಕ್ಕಂತು. ಡಾಕ್ಟ್ರು ನಿಮ್ಮನ್ನ ಹೊರಗೆ ಕರೆದು ಏನೋ ಹೇಳ್ಯಾರೆ, ನಾನಿನ್ನು ಉಳಿಯಲ್ಲ, ಅದನ್ನ ಮುಚ್ಚಿಡಾಕತ್ತೀರಿ ಅಂದ್ಕೊಂಡೆ. ಹಂಗಂದ್ಕೊಂಡ ಮ್ಯಾಲೆ ಗಂಟಲಾಗೆ ಏನು ಇಳೀತೈತ್ರಿ?"

ಭಾವ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. "ಡಾಕ್ಟ್ರು ಹೊರಗೆ ಕರೆದು ಹೇಳಿದ್ದು ಹೌದು" ಎಂದರು. ದಿಂಬು ಸರಿಮಾಡುತ್ತಿದ್ದ ನಾನು ತಲೆ ಎತ್ತಿದೆ.

"ಊಟದ ಹೊತ್ನಾಗೆ ಹೆಂಡ್ತಿ ಜೊತೆ ನಾಲ್ಕು ಒಳ್ಳೆ ಮಾತಾಡ್ರಿ, ಬ್ಯಾಗ ಚೇತರಿಸ್ಕೊಂತಾರೆ ಅಂದ."

"ಆ ಡಾಕ್ಟ್ರಿಗೆ ನಮ್ಮ ಸಂಸಾರ ಏನು ಗೊತ್ತು" ಎಂದಳು ಅಕ್ಕ. ಬಟ್ಟಲು ವಾಪಸು ಕೊಡುವಾಗ ಅವರ ಕೈ ನೋಡಿದಳು. ಹೆಬ್ಬೆರಳಿನ ಬುಡದಲ್ಲಿ ಒಂದು ಬೊಕ್ಕೆ ಎದ್ದಿತ್ತು. ಇಷ್ಟು ಹೊತ್ತೂ ನನಗೂ ಕಂಡಿರಲಿಲ್ಲ.

"ಸುಟ್ಕೊಂಡ್ರಾ?"

"ಭಟ್ಟಿ ಮುಂದೆ ನಿಂತೋನು ನಾನು. ಇದ್ಯಾವ ಲೆಕ್ಕ."

"ಇಲ್ಲಿ ಕೊಡ್ರಿ ಕೈ. ಏ ತಂಗಿ, ಕೊಬ್ಬರಿ ಎಣ್ಣೆ ತಗೊಂಬಾರೆ."

ತಂದುಕೊಟ್ಟೆ. ಅಕ್ಕ ಗಂಜಿ ಕುಡಿದಳು, ಇನ್ನು ಅಡ್ಮಿಟ್ ಬೇಡವೆಂದು ಡಾಕ್ಟರಿಗೆ ಫೋನು ಮಾಡಿದೆ. ಅಕ್ಕ ಇನ್ನೊಂದು ಬಟ್ಟಲು ಕುಡಿದಳು. ಪಾತ್ರೆಯಲ್ಲಿ ಉಳಿದದ್ದನ್ನು ಭಾವ ಮತ್ತು ನಾನು ನಿಂಬೆಕಾಯಿ ಉಪ್ಪಿನಕಾಯಿ ನೆಂಚಿಕೊಂಡು ಕುಡಿದು ಮುಗಿಸಿದೆವು. ಮೆಂತ್ಯ ಸೊಪ್ಪು ನಾಳೆಗಿರಲಿ ಎಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಆ ಮಧ್ಯಾಹ್ನ ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಭಾವ. ಮಂಚದ ಪಕ್ಕ ಚಾಪೆಯ ಮೇಲೆ, ಎಣ್ಣೆ ಚಾಪೆಗೆ ಹತ್ತದಿರಲೆಂದು ಆ ಕೈಯೊಂದನ್ನು ಮೇಲೆತ್ತಿಕೊಂಡೇ ಮಲಗಿದ್ದರು. ನಿದ್ದೆಯಲ್ಲಿ ಅದು ಜಾರಿ ಬೀಳದ ಹಾಗೆ ಅಕ್ಕ ಮಂಚದಿಂದ ತೋಳು ಇಳಿಬಿಟ್ಟು ಮಣಿಕಟ್ಟು ಹಿಡಿದುಕೊಂಡಿದ್ದಳು.