ಮೆಲೋಡಿಯಸ್ ಬದನೆಕಾಯಿ

ಲಿಂಗಸುಗೂರಿನ ತಹಸೀಲದಾರರು ಹೈದರಾಬಾದಿಗೆ ಹೋಗಿ ಬರುವಾಗ ಒಂದು ಹೊಸ ಶೇರವಾನಿ, ಒಂದು ನೆಗಡಿ, ಒಂದು ಇಂಗ್ಲಿಷ್ ಶಬ್ದ ತಂದರು. ಅಲ್ಲಿ ಯಾರೋ ನವಾಬರ ಮನೆಯಲ್ಲಿ ಹಾಡು ಕೇಳಿದ ಬಿಳಿ ದೊರೆಯೊಬ್ಬ ‘ಮೆಲೋಡಿಯಸ್’ ಅಂದನಂತೆ, ಕೂತವರೆಲ್ಲ ತಲೆದೂಗಿದರಂತೆ. ದೊಡ್ಡವರು ಮೆಚ್ಚುವ ರೀತಿ ಇದೇ ಎಂದು ಸಾಹೇಬರು ತಿಳಿದರು. ನೆಗಡಿ ನಾಲ್ಕು ದಿನಕ್ಕೆ ಹೋಯಿತು, ಶಬ್ದ ಹೋಗಲಿಲ್ಲ. ಚಹಾ ಮೆಲೋಡಿಯಸ್, ಚಪ್ಪಲಿಯೂ ಮೆಲೋಡಿಯಸ್. ಸಾಹೇಬರು ಅಂದ ಮೇಲೆ ಕಚೇರಿ ಸುಮ್ಮನಿದ್ದೀತೆ? ಜವಾನನ ತನಕ ಎಲ್ಲರ ಬಾಯಲ್ಲೂ ಅದೇ.

ಆ ಮಾತು ಆಡದವನೊಬ್ಬನೇ, ಉಮೇದವಾರ ಯಂಕೋಬ. ಉಮೇದವಾರನೆಂದರೆ ಮುಂದೆಂದಾದರೂ ನೌಕರಿ ಸಿಕ್ಕೀತೆಂದು ಪಗಾರವಿಲ್ಲದೆ ದುಡಿಯುವ ಪ್ರಾಣಿ. ವರ್ಷಗಟ್ಟಲೆ ಮಾವ ಕಳಿಸಿದ ಜೋಳ ತಿಂದು ಸರಕಾರದ ಕಾಗದ ನಕಲು ಮಾಡಿದ್ದ. ಈಗ ನಕಲುಗಾರನ ಜಾಗ ಖಾಲಿಯಾಗಿತ್ತು. ನೇಮಕದ ಹುಕುಮಿಗೆ ಅಂದೇ ಸಾಹೇಬರ ಸಹಿ ಬೀಳುವುದಿತ್ತು.

“ಇವತ್ತ ಕಾಯಂ ಆಗಲಿಲ್ಲಂದ್ರ ನಾ ತವರಿಗೆ, ಗುರುಗುಂಟಾಕ ಹೋಗಾಕಿ. ಇವತ್ತ ಆಕ್ಕೈತಿ, ನಾಳೆ ಆಕ್ಕೈತಿ ಅಂತ ಅಪ್ಪನ ಮುಂದ ಸುಳ್ಳು ಹೇಳಿ ಹೇಳಿ ಸಾಕಾಗೈತಿ,” ಎಂದು ಹೆಂಡತಿ ಗದ್ದೆಮ್ಮ ಬೆಳಿಗ್ಗೆಯೇ ಗಂಟು ಕಟ್ಟಿಟ್ಟಿದ್ದಳು.

ಕಚೇರಿಗೆ ಬಂದರೆ, ಸಾಹೇಬರ ಮುಂದೆ ಕಾಗದ ಇಡುವ ಪೇಶ್ಕಾರ ಶಾಮೀದಸಾಬ ಹಿಡಿದು ನಿಲ್ಲಿಸಿದ. “ಲೇ ಯಂಕೋಬಾ, ಎಲ್ಲಾರೂ ಸಾಹೇಬರ ಮಾತು ಆಡ್ತಾರ, ನಿನಗೇನು ಧಾಡಿ? ನಿನಗ ಮಗರೂರ ಐತಿ, ಸೊಕ್ಕು ಬಂದೈತಿ ಅಂತ ಸಾಹೇಬ್ರು ಅಂದಾರ.”

“ಮಗರೂರ ಅಲ್ಲರೀ, ನಾಲಿಗಿ ಹೊಳ್ಳವಲ್ದು. ಮ್ಯಾಲ... ಮ್ಯಾಲೊಡಿ...”

“ಹೊಳ್ಳಸು! ಮಧ್ಯಾಹ್ನ ಸಾಹೇಬರ ಬಂಗಲೆದಾಗ ಬಂಗಾರದ ಗಣಿ ಬಿಳಿ ದೊರಿಗೆ ದಾವತ್ ಐತಿ. ನೀ ಬಡಸಾಕ ಬಾ. ಊಟ ಆದಮ್ಯಾಲೆ ಸಹಿ. ಅದಕ್ಕೂ ಮೊದಲ ಆ ಮಾತು ಅವರ ಕಿವಿಗೆ ಬಿತ್ತಂದ್ರ ನೀ ಕಾಯಂ.”

ಯಂಕೋಬ ಬಾಯಿಪಾಠ ಮಾಡುತ್ತ ಓಣಿ ಓಣಿ ತಿರುಗಿದ. ಹಾಲು ಮಾರುವ ಪೀರಮ್ಮನ ಅಂಗಳದ ಮುಂದೆ ನಾಲಿಗೆ ಒಮ್ಮೆಲೇ ಹೊರಳಿಬಿಟ್ಟಿತು. “ಮೆಲೋಡಿಯಸ್!” ಎಂದು ಖುಷಿಯಿಂದ ಕೂಗಿದ. ಪೀರಮ್ಮ ಸತ್ತ ಎಮ್ಮೆಯ ಮುಂದೆ ಕೂತು, ಅದರ ಗುಣ ಹೊಗಳಿ ಹೊಗಳಿ ಅಳುತ್ತಿದ್ದಳು.

“ಏನಂದ್ಯೋ?”

“ಏನಿಲ್ಲಬೇ, ಇಂಗ್ಲೀಷು. ಭಾಳ ಚಲೋ ಐತಿ ಅಂತ.”

“ನನ್ನ ಎಮ್ಮಿ ಸತ್ತದ್ದು ಚಲೋ ಐತೇನೋ, ನಿನ್ನ ಹೆಣಾ ಎತ್ತಲಿ!”

ಸಗಣಿಬುಟ್ಟಿ ಹಾರಿ ಬಂತು. ಯಂಕೋಬ ಬಾವಿಗೆ ಓಡಿ, ತೊಳೆದುಕೊಂಡು, ಹಸಿ ಧೋತರದಲ್ಲೇ ಬಂಗಲೆ ಮುಟ್ಟುವಷ್ಟರಲ್ಲಿ ದೊರೆ ಉಂಡು ಹೋಗಿಯಾಗಿತ್ತು.

ಒಳಗೆ ಸಾಹೇಬರು ಹುಕುಮಿನ ಮೇಲೆ ಲೇಖಣಿ ಹಿಡಿದು ಗಂಟುಮುಖ ಹಾಕಿ ಕೂತಿದ್ದರು. ಮೂಲೆಯಿಂದ ಶಾಮೀದಸಾಬ ಕಣ್ಣು ಮಿಟುಕಿಸಿದ, ಕೈ ಆಡಿಸಿದ, ತುಟಿಯ ಮೇಲೆ ಬೆರಳಿಟ್ಟ. ಬಾಯಿ ಬಿಡು ಎನ್ನುತ್ತಿದ್ದಾನೆಂದು ಯಂಕೋಬ ತಿಳಿದ.

“ಹುಜೂರ್, ಬದನೆಕಾಯಿ ಘಮ ಬಾಗಿಲತನಾ ಬರಾಕತ್ತೈತ್ರೀ. ಮೆಲೋಡಿಯಸ್!”

ಒಂದಕ್ಷರ ತಪ್ಪಲಿಲ್ಲ. ಸಾಹೇಬರು ಲೇಖಣಿ ಕೆಳಗಿಟ್ಟರು. “ಆ ದೊರಿನ ನಿನ್ನ ಕಳಿಸ್ಯಾನೇನು, ನನ್ನ ಅಣಕಸಾಕ?”

ಪಾಪ, ಯಂಕೋಬನಿಗೇನು ಗೊತ್ತು? ಊಟದಲ್ಲಿ ಸಾಹೇಬರು ಬದನೆಕಾಯಿಗೆ ಅದೇ ಮಾತು ಅಂದಿದ್ದರು. ದೊರೆ ಕೆಮ್ಮು ಬರುವಷ್ಟು ನಕ್ಕು, ಅದು ಹಾಡಿಗೆ ಹೇಳುವ ಮಾತು, ನಿಮ್ಮ ಬದನೆಕಾಯಿ ಹಾಡುತ್ತದೆಯೇ ಎಂದು ಎಲ್ಲರೆದುರು ಕೇಳಿದ್ದ.

“ಇವನ ಮುಖ ನನಗ ಕಾಣಬಾರದು. ಸಿಂಧನೂರಿಗೆ ವರ್ಗಾ ಮಾಡ್ರಿ, ತಬಾದಲಾ!”

“ಹುಜೂರ್, ಇವಗ ನೌಕರಿನ ಇಲ್ಲಲ್ಲರೀ,” ಎಂದ ಶಾಮೀದಸಾಬ.

“ಇಲ್ಲದ ನೌಕರಿ ಅಲ್ಲಿ ಹೋಗಿ ಮಾಡಲಿ!”

ಗದ್ದೆಮ್ಮ ಗಂಟು ಹೊತ್ತು ಗುರುಗುಂಟಾದ ದಾರಿ ಹಿಡಿದಳು. ಯಂಕೋಬ ಸಿಂಧನೂರಿನ ಬಂಡಿ ಹತ್ತಿದ. ಮಸ್ಕಿಯಲ್ಲಿ ಮಲ್ಲಯ್ಯನ ಗುಡ್ಡಕ್ಕೆ ಕೈಮುಗಿದು, ಆ ಶಬ್ದ ಈ ಜನ್ಮದಲ್ಲಿ ಆಡುವುದಿಲ್ಲವೆಂದು ಆಣೆ ಮಾಡಿದ. ಮನಸ್ಸು ಹಗುರಾಯಿತು.

ಸಿಂಧನೂರಿನ ತಹಸೀಲದಾರರು ಒಳ್ಳೆಯವರು. ನಗುತ್ತ ಬರಮಾಡಿಕೊಂಡು ಎಲ್ಲರಿಗೂ ಚಹಾ ತರಿಸಿದರು. ತಾವು ಒಂದು ಗುಟುಕು ಹೀರಿ ಕಣ್ಣು ಮುಚ್ಚಿದರು.

“ವಾಹ್! ಮೆಲೋಡಿಯಸ್!”

“ಮೆಲೋಡಿಯಸ್, ಹುಜೂರ್!” ಎಂದಿತು ಕಚೇರಿ.

ಯಂಕೋಬ ಹಲ್ಲು ಕಚ್ಚಿ ನಿಂತ. ಸಾಹೇಬರು ಕಣ್ಣು ತೆರೆದು ಅವನನ್ನು ಒಮ್ಮೆ ನೋಡಿ, ಪೇಶ್ಕಾರನ ಕಡೆ ವಾಲಿದರು.

“ಈ ಹೊಸಬಗ ಭಾಳ ಮಗರೂರ ಐತಿ, ಅಲ್ಲೇನು?”