ಮೂರನೇ ಕಿಟಕಿಯ ಸಾಹೇಬರು

ಸರ್ಕಾರಿ ಕಚೇರಿಗೆ ಅಲೆದವರ ಹತ್ತಿರ ಸಾಮಾನ್ಯವಾಗಿ ಗೋಳಿನ ಕಥೆಗಳೇ ಇರುತ್ತವೆ. ಈಚೆಗೆ ನಾನು ಮಾತ್ರ ಅಲ್ಲಿಂದ ನಗುತ್ತಾ ಬರುತ್ತಿದ್ದೇನೆ. ಮುಂಬಯಿಯ ಬೈಕುಲ್ಲಾದಲ್ಲಿ ಹೋಟೆಲುಗಳಿಗೆ ಪಾತ್ರೆ ಮಾರುವವನು ನಾನು. ಲೈಸೆನ್ಸು, ನವೀಕರಣ ಅಂತ ವಾರ್ಡ್ ಆಫೀಸಿಗೆ ಹೋಗದೆ ವಿಧಿಯಿಲ್ಲ. ಅಲ್ಲಿ ಮೂರನೇ ಕಿಟಕಿಗೆ ಹೊಸ ಗುಮಾಸ್ತರು ಬಂದರು. ವಿಭಾಗದ ಮೇಡಂ ನಮ್ಮನ್ನೆಲ್ಲ ಕರೆದು, ಅವರಿಗೆ ಆಟಿಸಂ ಇದೆ, ಒಬ್ಬೊಬ್ಬರೇ ಮಾತಾಡಿ, ನೇರವಾಗಿ ಮಾತಾಡಿ, ಮುಖ ನೋಡಲಿಲ್ಲ ಅಂತ ಬೇಜಾರು ಮಾಡಬೇಡಿ ಅಂದರು. ಅವರ ತಲೆ ಮೇಲೆ ಗುಂಯ್‌ಗುಡುತ್ತಿದ್ದ ಟ್ಯೂಬ್‌ಲೈಟನ್ನೂ ತೆಗೆಸಿದರು.

ದುಡ್ಡು ತೆಗೆದುಕೊಂಡು ಕಾಗದ ಮಾಡಿಸಿಕೊಡುವ ಏಜೆಂಟರಿಗೆ ಮಾತ್ರ ಅವರು ಹಿಡಿಸಲಿಲ್ಲ. ಮರ್ಯಾದೆ ಕೊಡುವುದಿಲ್ಲ ಅಂತ ಮೇಲಕ್ಕೆ ದೂರು ಹೋಯಿತು. ಆರು ತಿಂಗಳು ನೋಡುವುದು, ಸರಿಹೋಗದಿದ್ದರೆ ನೆಲಮಾಳಿಗೆಯ ಹಳೇ ಫೈಲುಗಳ ಕೋಣೆಗೆ ಕಳಿಸುವುದು ಎಂದಾಯಿತು.

ಊಟ ಆಯ್ತಾ

ನಾವು ಕರಾವಳಿಯವರು. ಯಾರನ್ನು ಕಂಡರೂ ಮೊದಲು ಊಟದ ವಿಚಾರ. ಉತ್ತರ ಯಾರಿಗೆ ಬೇಕು? ಮೊದಲ ದಿನ ಬೆಳಿಗ್ಗೆ ಹತ್ತೂವರೆಗೇ "ಜೇವಣ್ ಝಾಲಂ ಕಾ ಸಾಹೇಬ್?" ಅಂತ ಮರಾಠಿಯಲ್ಲಿ ಊಟ ವಿಚಾರಿಸಿದೆ. ಅವರು ಕೆಲಸ ನಿಲ್ಲಿಸಿ ಯೋಚಿಸಿದರು. ಇನ್ನೂ ಇಲ್ಲ, ಒಂದು ಗಂಟೆಗೆ, ಮೂರು ಚಪಾತಿ, ಆಲೂಗಡ್ಡೆ ಪಲ್ಯ, ಬುಧವಾರವಾದ್ದರಿಂದ ಮೊಸರಿಲ್ಲ ಅಂದರು. ಆಮೇಲೆ ಪೆನ್ನು ಕೆಳಗಿಟ್ಟು, ನಿಮ್ಮದೇನು ಅಂತ ಕೇಳಿ, ಕಾದರು.

ನನ್ನ ಡಬ್ಬಿಯಲ್ಲಿ ಏನಿದೆಯೆಂದು ನನಗೇ ಗೊತ್ತಿರಲಿಲ್ಲ. ಹೆಂಡತಿಗೆ ಫೋನ್ ಮಾಡಿ ಕೇಳಿದೆ. ಮದುವೆಯಾದ ಮೇಲೆ ಮೊದಲ ಸಲ ನಾನು ಊಟದ ವಿಚಾರ ಕೇಳಿದ್ದು. "ಡಾಕ್ಟರ ಹತ್ತಿರ ಇದ್ದೀರಾ?" ಅಂದಳು.

ಗುರುವಾರ

ನನ್ನ ಕಾಗದ ಯಾವಾಗ ಸಿಗುತ್ತದೆ ಅಂದದ್ದಕ್ಕೆ, ಗುರುವಾರ ಹನ್ನೊಂದು ಇಪ್ಪತ್ತಕ್ಕೆ ಅಂದರು. ಕಚೇರಿಯ ಗುರುವಾರ ಅಂದರೆ ಏನೆಂದು ತಿಳಿಯದಷ್ಟು ಎಳಸು ನಾನಲ್ಲ. ಮುಂದಿನ ಮಂಗಳವಾರ ಆರಾಮವಾಗಿ ಹೋದೆ. ಕಾಗದ ಗುರುವಾರವೇ ತಯಾರಾಗಿ ಕೂತಿತ್ತು. ಗುಮಾಸ್ತರು ನಿಜವಾದ ಕಳವಳದಿಂದ ಕೇಳಿದರು: ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ?

ಇಷ್ಟು ವರ್ಷದಲ್ಲಿ ಸರ್ಕಾರವನ್ನು ನಾನು ಕಾಯಿಸಿದ್ದು ಅದೊಂದೇ ಸಲ.

ಅಂಗಡಿ ಎಲ್ಲಿದೆ

ನವೀಕರಣಕ್ಕೆ ಎಲ್ಲರೂ ಹಳೇ ಕಾಗದ ನೋಡಿ ಠಸ್ಸೆ ಒತ್ತುತ್ತಾರೆ. ಇವರು ವಾರ್ಡಿನ ನಕ್ಷೆ ಬಿಡಿಸಿ ಒಂದೊಂದೇ ನಂಬರ್ ತಾಳೆ ನೋಡಿದರು. ಏಜೆಂಟರ ಸಿಟ್ಟೂ ಇದಕ್ಕೇ. ನೋಡಿ, ನೀವು ಅರ್ಜಿಯಲ್ಲಿ ಬರೆದ ಜಾಗದಲ್ಲಿ ನಿಮ್ಮ ಅಂಗಡಿ ಇಲ್ಲ ಅಂದರು ಗುಮಾಸ್ತರು. ಯಾರೋ ಎಂದೋ ಒಂದು ಅಂಕಿ ತಪ್ಪು ಬರೆದಿದ್ದರು. ಅದೇ ತಪ್ಪಿನ ಮೇಲೆ ಠಸ್ಸೆಯ ಮೇಲೆ ಠಸ್ಸೆ ಬಿದ್ದಿತ್ತು. ಬೆಂಕಿ ಅನಾಹುತ ಆಗಿದ್ದರೆ ವಿಮೆಯವರು ಕೈ ತೊಳೆದುಕೊಳ್ಳುತ್ತಿದ್ದರು. ಅರ್ಧ ಗಂಟೆಯಲ್ಲಿ ತಿದ್ದಿಕೊಟ್ಟರು. ಉಪಕಾರವನ್ನು ನಾನು ಸುಲಭವಾಗಿ ಒಪ್ಪಿಕೊಳ್ಳುವವನಲ್ಲ, ಇದನ್ನು ಮರೆಯಲಾರೆ.

ಹಾಗಾದರೆ ಕಾಗದದ ಪ್ರಕಾರ ನಾನು ಎಲ್ಲಿದ್ದೆ ಅಂತ ಕೇಳಿದೆ. ಹನ್ನೆರಡು ವರ್ಷ ನಾನು ಲೈಸೆನ್ಸ್ ಪಡೆದು ಪಾತ್ರೆ ಮಾರಿದ್ದು ಸಾರ್ವಜನಿಕ ಶೌಚಾಲಯದಲ್ಲಿ.

ಸನ್ಮಾನ

ಆರು ತಿಂಗಳು ಮುಗಿಯುವ ದಿನ ಮೇಲಧಿಕಾರಿ ನೋಡಲು ಬರುತ್ತಾರೆಂದು ತಿಳಿಯಿತು. ಗುಮಾಸ್ತರಿಂದ ಅನುಕೂಲ ಕಂಡವರು ನಮ್ಮ ವ್ಯಾಪಾರಿ ಸಂಘದಲ್ಲಿ ಬಹಳ ಜನ. ಆದರೆ ಮುಂಬಯಿ ಕನ್ನಡಿಗರಿಗೆ ಕೃತಜ್ಞತೆ ಅಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ. ಗುಮಾಸ್ತರಿಗೆ ಗದ್ದಲ ಆಗದು, ಮೈ ಮುಟ್ಟಿದರೆ ಆಗದು, ಒಂದು ಪತ್ರ ಬರೆದುಕೊಡೋಣ ಅಂದೆ. "ಪತ್ರಕ್ಕೆ ತೂಕ ಇಲ್ಲ ಮಾರಾಯ್ರೆ," ಅಂದರು ಅಧ್ಯಕ್ಷರು.

ಅಧಿಕಾರಿ ಮೂಲೆಯಲ್ಲಿ ನಿಂತು ನೋಡುತ್ತಿದ್ದಾಗಲೇ ಅಧ್ಯಕ್ಷರು ಶಾಲು ಬಿಡಿಸಿಕೊಂಡು ಕಿಟಕಿಗೆ ನುಗ್ಗಿದರು. ಹಿಂದೆ ಹಾರ, ಹಣ್ಣಿನ ಬುಟ್ಟಿ ಹಿಡಿದು ನಾವು ಹನ್ನೊಂದು ಜನ. ಗುಮಾಸ್ತರು ಕಿವಿಗೆ ಹೆಡ್‌ಫೋನ್ ಏರಿಸಿ, ಬಾಗಿಲ ಬಳಿಯ ಟೋಕನ್ ಯಂತ್ರದ ಕಡೆ ಬೆರಳು ತೋರಿಸಿದರು. ಮರ್ಯಾದೆ ಕೊಡುವುದಿಲ್ಲ ಎಂಬ ದೂರಿಗೆ ನಾವೇ ಮೆರವಣಿಗೆಯಲ್ಲಿ ಸಾಕ್ಷಿ ತಂದಂತಾಗಿತ್ತು. ಅಧ್ಯಕ್ಷರು ಟೋಕನ್ ತೆಗೆದು, ಒಂಬತ್ತು ಜನರ ಹಿಂದೆ, ಮಡಿಲಲ್ಲಿ ಶಾಲು ಇಟ್ಟುಕೊಂಡು ಮುಖ ಊದಿಸಿ ಕೂತರು.

ಸರದಿ ಬಂತು. ಗುಮಾಸ್ತರು ಹೆಡ್‌ಫೋನ್ ಸರಿಸಿದರು.

"ಏನು ಕೆಲಸ?"

"ಸನ್ಮಾನ."

"ಯಾರಿಗೆ?"

"ನಿಮಗೇ ಸಾಹೇಬರೆ."

ಗೋಡೆಯ ಮೇಲಿನ ಸೇವೆಗಳ ಪಟ್ಟಿಯನ್ನು ಅವರು ಮೇಲಿನಿಂದ ಕೆಳಗಿನವರೆಗೆ ಓದಿದರು. "ಈ ಕಿಟಕಿಯಲ್ಲಿ ಆ ಸೇವೆ ಇಲ್ಲ," ಅಂದರು. ಆಮೇಲೆ, "ನನಗೆ ಈ ಕುರ್ಚಿ ಇಷ್ಟ. ಇಲ್ಲೇ ಕೆಲಸ ಮಾಡಬೇಕು. ಬೇಕಿದ್ದರೆ ಅದನ್ನು ಬರೆದುಕೊಡಿ."

ಅಧ್ಯಕ್ಷರು ಶಾಲು ಮಡಚಿದರು. ಅಲ್ಲೇ ಬೆಂಚಿನ ಮೇಲೆ ಕೂತು ಪತ್ರ ಬರೆದೆವು. ಮೊದಲ ಸಹಿ ಅವರದೇ. ಅಧಿಕಾರಿ ಪತ್ರ ಓದಿ, ಮೇಡಂಗೆ ಹೇಳಿದರು, "ಹಾರ ಹಿಡಿದು ಬಂದವರನ್ನೂ ಕ್ಯೂನಲ್ಲಿ ಕೂರಿಸುವವರನ್ನು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೆ. ಇವರನ್ನು ಕೆಳಗೆ ಕಳಿಸುವುದೇ?"

ವಾರದೊಳಗೆ ಆದೇಶ ಬಂತು. ಒಂದು, ಮೂರನೇ ಕಿಟಕಿ ಕಾಯಂ ಆಗಿ ಅವರದೇ. ಎರಡು, ಕಚೇರಿಯೊಳಗೆ ಯಾವುದೇ ಸಂಘ ಯಾರಿಗೂ ಸನ್ಮಾನ ಮಾಡಕೂಡದು.

ಇಡೀ ಮುಂಬಯಿಯಲ್ಲಿ ಸನ್ಮಾನ ಮಾಡುವುದಕ್ಕೆ ಸರ್ಕಾರಿ ತಡೆಯಾಜ್ಞೆ ಪಡೆದ ಸಂಘ ನಮ್ಮದೊಂದೇ. ಜನ ಈಗ ನಮ್ಮ ಕಾರ್ಯಕ್ರಮಗಳಿಗೆ ಧೈರ್ಯವಾಗಿ ಬರುತ್ತಿದ್ದಾರೆ.