ಷಡ್ಡಕನಿಗಿಂತ ಮೊದಲು ಬಿತ್ತಿದ್ದು

ಹೊಟ್ಟೆಕಿಚ್ಚಿನ ವಿಷಯದಲ್ಲಿ ನನಗೆ ಸಾಕಷ್ಟು ಅನುಭವವಿದೆ. ಬಂಗಲೆ ಕಟ್ಟಿದವರ ಮೇಲಾಗಲಿ, ವಿಮಾನದಲ್ಲಿ ಓಡಾಡುವವರ ಮೇಲಾಗಲಿ ನನಗೆ ಎಂದೂ ಹೊಟ್ಟೆ ಉರಿದಿಲ್ಲ. ಅವರ ಪಾಡಿಗೆ ಅವರು ಚೆನ್ನಾಗಿರಲಿ ಎಂದು ಧಾರಾಳವಾಗಿ ಹಾರೈಸಬಲ್ಲೆ. ಬಂಗಾರಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ನಾನು ದೂರದ್ದು ಕಾಣದವರಿಗೂ ಹತ್ತಿರದ್ದು ಕಾಣದವರಿಗೂ ಬೇರೆ ಬೇರೆ ಗಾಜು ಹಾಕಿಕೊಡುತ್ತೇನೆ. ಆದರೆ ಹೊಟ್ಟೆಕಿಚ್ಚಿನ ಕಣ್ಣಿಗೆ ಹತ್ತಿರದವರು ಮಾತ್ರ ಕಾಣುತ್ತಾರೆ, ಅದೂ ಇದ್ದುದಕ್ಕಿಂತ ದೊಡ್ಡದಾಗಿ. ಅದಕ್ಕೆ ಹೊಂದುವ ಗಾಜು ನನ್ನ ಅಂಗಡಿಯಲ್ಲಿಲ್ಲ. ನನಗೆ ಹಾಗೆ ಕಾಣುತ್ತಿರುವವನು ನನ್ನ ಷಡ್ಡಕ ನಾಗೇಶ. ನನ್ನ ಹೆಂಡತಿ ಸರೋಜಳ ತಂಗಿ ಗಿರಿಜಾಳ ಗಂಡ. ಅಣ್ಣತಮ್ಮಂದಿರಾದರೆ ಜಗಳವಾಡಿ ಮಾತು ಬಿಡಬಹುದು, ಸ್ನೇಹಿತನಾದರೆ ಎದುರಿಗೆ ಬಂದಾಗ ಬೇರೆ ಬೀದಿ ಹಿಡಿಯಬಹುದು. ಷಡ್ಡಕನ ವಿಷಯದಲ್ಲಿ ಇಂಥ ಯಾವ ಸೌಕರ್ಯವೂ ಇಲ್ಲ. ಅವನ ಪಕ್ಕದಲ್ಲೇ ಕೂತು, ಒಬ್ಬಳೇ ಅತ್ತೆ ಬಡಿಸುವ ಮುದ್ದೆ ಉಣ್ಣುತ್ತ, ತುಪ್ಪ ಯಾರ ತಟ್ಟೆಗೆ ಹೆಚ್ಚು ಬಿತ್ತು ಎಂದು ನೋಡದವನ ಹಾಗೆ ನೋಡಬೇಕು.

ನಾಗೇಶ ಇರುವುದು ಕೆ.ಜಿ.ಎಫ್.ನ ನಂದಿದುರ್ಗದಲ್ಲಿ, ಹಿಂದೆ ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲೊಂದರಲ್ಲಿ. ಆಂಡರ್ಸನ್‌ಪೇಟೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿ. ಮನೆಯ ಮುಂದೆ ಚಾಪೆ ಹಾಸಿದರೆ ಮುಗಿದುಹೋಗುವಷ್ಟು ಜಾಗ. ಆ ಜಾಗದಲ್ಲಿ ಅವನು ಟೊಮೆಟೊ, ಬದನೆ, ಮೆಣಸಿನಕಾಯಿ, ಚೆಂಡು ಹೂ ಎಲ್ಲವನ್ನೂ ಬೆಳೆಯುತ್ತಾನೆ. ಬೆಳೆದುಕೊಂಡು ಸುಮ್ಮನಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅವನು ತಂದುಕೊಡುತ್ತಾನೆ! ನಮ್ಮ ಮನೆಗೆ ಬಂದಾಗಲೆಲ್ಲ ಅವನ ಕೈಯಲ್ಲೊಂದು ತುಂಬಿದ ಚೀಲ. ಸರೋಜ ಅದರಿಂದ ಒಂದು ಟೊಮೆಟೊ ತೆಗೆದು ಮೂಗಿಗೆ ಹಿಡಿದು, "ಎಂಗೈತೆ ನೋಡ್ರೀ ವಾಸ್ನೆ! ನಮ್ಮ ನಾಗೇಶನ ಕೈಯೇ ಕೈ" ಎನ್ನುತ್ತಾಳೆ. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ನಾನು 'ಇವರು' ಮಾತ್ರ ಆಗಿದ್ದೇನೆ. ಅವನು ಮಾತ್ರ 'ನಮ್ಮ ನಾಗೇಶ'. ಆ ದಿನದ ಟೊಮೆಟೊ ಸಾರು ನನಗೆ ಯಾಕೋ ಸೇರುವುದಿಲ್ಲ. ಎರಡು ಸಲ ಹಾಕಿಸಿಕೊಳ್ಳುತ್ತೇನೆ ಎನ್ನುವುದು ಬೇರೆ ಮಾತು.

ಒಂದು ಚಳಿಗಾಲದ ಬೆಳಿಗ್ಗೆ ಅವನ ಮನೆಗೆ ಹೋದಾಗ ಗುಟ್ಟು ಕಣ್ಣಿಗೆ ಬಿತ್ತು. ಟಿ.ವಿ. ಮೇಲೆ, ಕಿಟಕಿಯಲ್ಲಿ, ಅಕ್ಕಿ ಡಬ್ಬದ ಮೇಲೆ, ಎಲ್ಲೆಲ್ಲೂ ಸಸಿಯ ತಟ್ಟೆಗಳು. ಮನುಷ್ಯರು ಕೂರಲು ಒಂದು ಸ್ಟೂಲು ಉಳಿದಿತ್ತು. "ಒರ್ಗಡೆ ಚಳಿಗೆ ಮೆಣಸಿನ್ ಬೀಜ ಕಣ್ಣೇ ಬಿಡಲ್ಲ ಭಾವ. ಒಳ್ಗೆ ಬೆಚ್ಚಗಿದ್ರೆ ಮೊಳಕೆ ಬತ್ತದೆ. ಮಳೆಗಾಲದಾಗೂ ಅಂಗೇ, ದೊಡ್ಡ ಮಳೆ ಬಂದ್ರೆ ಬೀಜ ಎಲ್ಲ ಕೊಚ್ಕೊಂಡು ಓಗ್ತದೆ" ಎಂದಳು ಗಿರಿಜಾ. ನಾಗೇಶ ಒಂದು ತಟ್ಟೆಯನ್ನು ಬೆಳಕಿನ ಕಡೆ ತಿರುಗಿಸುತ್ತ, "ಬೀಜ ಆಕೋದೇನೂ ದೊಡ್ಡ ವಿಷ್ಯ ಅಲ್ಲಣ್ಣ. ಯಾವಾಗ ಆಕ್ಬೇಕು ಅನ್ನೋದೇ ವಿಷ್ಯ" ಎಂದು ನನ್ನ ಮುಖ ನೋಡಿದ. 'ಯಾವಾಗಪ್ಪ?' ಎಂದು ನಾನು ಕೇಳಬೇಕಿತ್ತು. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು "ಹೂಂ, ಗೊತ್ತು ಗೊತ್ತು" ಎಂದು ಬಂದೆ.

ಆಮೇಲೆ ಬೇಸಿಗೆಯಲ್ಲಿ ಬೂದಿಕೋಟೆಯ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಮಾವ ಹಾಲು ಕರೆಯುವ ಹೊಸ ಮಿಷನ್ನು ತಂದಿದ್ದರು. ಆ ವರ್ಷದ ಆಯುಧಪೂಜೆಗೆ ಅದನ್ನು ಮದುವಣಗಿತ್ತಿಯ ಹಾಗೆ ಸಿಂಗರಿಸಬೇಕೆಂದು ಅತ್ತೆಯ ಆಸೆ. "ಊವಿನ ಯೋಚ್ನೆ ಇಲ್ಲ. ನಮ್ಮ ನಾಗೇಶಪ್ಪ ಚೀಲಗಟ್ಲೆ ತತ್ತಾನೆ" ಎಂದರು ಅವರು. ಅವರ ಬಾಯಲ್ಲೂ ಅದೇ 'ನಮ್ಮ'! ನನ್ನನ್ನು ಕೇಳದೆ ನನ್ನ ಬಾಯಿ ತೆರೆದುಕೊಂಡಿತು: "ಈ ಸಲ ಹೂವು ನಮ್ಮ ಮನೇದು, ಅತ್ತೆ. ನಾನೇ ಬೆಳೀತೀನಿ." ಪಂಕ್ತಿಯಲ್ಲಿ ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ಸರೋಜ ನನ್ನನ್ನು, ಬೇರೆ ಯಾರದೋ ಕನ್ನಡಕ ಹಾಕಿಕೊಂಡವಳ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು. ನಾಗೇಶನೊಬ್ಬನೇ ಸಂತೋಷಪಟ್ಟವನು. "ಒಳ್ಳೇದಾಯ್ತಣ್ಣ! ಬೀಜ ನಾನ್ ಕೊಡ್ಲಾ?" ಎಂದ. ಈ ಮನುಷ್ಯನ ಮೇಲೆ ನೆಮ್ಮದಿಯಾಗಿ ಒಂದು ದಿನ ಹೊಟ್ಟೆ ಉರಿದುಕೊಳ್ಳಲೂ ಆಗುವುದಿಲ್ಲ, ಅಷ್ಟು ಒಳ್ಳೆಯವನು. ಅದೇ ನನ್ನ ಮುಖ್ಯ ದೂರು.

ನಾಗೇಶ ಆಯುಧಪೂಜೆಯ ಚೆಂಡು ಹೂವಿಗೆ ಆಷಾಢದಲ್ಲಿ ಬೀಜ ಹಾಕುತ್ತಾನೆ ಎಂದು ಗಿರಿಜಾ ಮಾತಿನ ನಡುವೆ ಹೇಳಿದ್ದಳು. ಬೆಂಗಳೂರಿನ ರೈಲು ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವ ಊರಿನವನು ನಾನು. ಯಾರು ಮೊದಲು ಹಾಕಿದರೋ ಸೀಟು ಅವರದು. ಬೀಜಕ್ಕೂ ಇದೇ ನ್ಯಾಯ ಎಂದುಕೊಂಡು ಜ್ಯೇಷ್ಠ ಹುಟ್ಟುತ್ತಲೇ ಶುರು ಮಾಡಿದೆ. ಹೂವೊಂದೇ ಯಾಕೆ, ಟೊಮೆಟೊ, ಬದನೆ, ಮೂಲಂಗಿ, ಹುರುಳಿಕಾಯಿ ಎಲ್ಲವನ್ನೂ ಹಾಕಿಬಿಟ್ಟೆ. ಟೀ ಕುಡಿದು ಬಿಸಾಡುವ ಪೇಪರ್ ಲೋಟಗಳು ಸಾಲದೆ, ಅಂಗಡಿಯಲ್ಲಿ ಬಣ್ಣ ಹೋಗಿ ಬಿದ್ದಿದ್ದ ಕನ್ನಡಕದ ಪೆಟ್ಟಿಗೆಗಳಿಗೆ ತಳದಲ್ಲಿ ತೂತು ಕೊರೆದು ಗೊಬ್ಬರ ತುಂಬಿದೆ. ನಮ್ಮ ಮನೆಯಲ್ಲಿ ಬೆಳಕು ಬರುವುದು ಒಂದೇ ಕಿಟಕಿಯಿಂದ, ಅಲ್ಲಿ ಸರೋಜಳ ಹೊಲಿಗೆ ಯಂತ್ರವಿತ್ತು. ಅವಳು ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುವವಳು. ಯಂತ್ರವನ್ನು ನಡುಮನೆಯ ಮೂಲೆಗೆ ತಳ್ಳಿದೆ.

"ಈ ಕತ್ಲಲ್ಲಿ ಸೂಜಿಗೆ ದಾರ ಪೋಣಿಸ್ತಿದ್ರೆ ನನ್ ಕಣ್ಣು ಓಗ್ತವೆ" ಎಂದಳು.

"ಹೋದರೆ ಕನ್ನಡಕ ನಮ್ಮಲ್ಲೇ ಇದೆಯಲ್ಲ" ಎಂದೆ. ಅವಳು ನಗಲಿಲ್ಲ. ಆಮೇಲೆ ಬಹಳ ದಿನ ನನ್ನ ಅಂಗಿಯ ಬಿದ್ದ ಗುಂಡಿಗಳು ಬಿದ್ದ ಹಾಗೇ ಇದ್ದವು.

ಬೀಜಗಳು ಮೊಳೆತವು! ಮೊಳೆತದ್ದಷ್ಟೇ ಅಲ್ಲ, ದಿನದಿಂದ ದಿನಕ್ಕೆ ಉದ್ದವಾದವು. ದಾರದಂಥ ಕಾಂಡದ ತುದಿಯಲ್ಲಿ ಎರಡೇ ಎಲೆ ಹೊತ್ತುಕೊಂಡು ಕಿಟಕಿಯ ಕಡೆ ಬಾಗಿ ನಿಂತವು. ಬೆಳಕು ಸಾಲದೆ ಹೀಗೆ ಎಳೆದುಕೊಳ್ಳುತ್ತಿವೆ ಎಂದು ನನಗೇನು ಗೊತ್ತು? ಎತ್ತರವೇ ಏಳಿಗೆ ಎಂದುಕೊಂಡು ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ನಾಗೇಶನಿಂದ ಧ್ವನಿ ಸಂದೇಶ ಬಂತು: "ಅಣ್ಣ, ಸೂಪರ್. ಆದ್ರೆ ಬೆಳ್ಕು ಸಾಲ್ತಿಲ್ಲ ಅನ್ಸ್ತದೆ. ದಿನಾ ಸ್ವಲ್ಪೊತ್ತು ಒರ್ಗಡೆ ಇಡಿ." ಪಾಪ, ತಡೆಯಲಾಗುತ್ತಿಲ್ಲ ಅವನಿಗೆ ಎಂದುಕೊಂಡು ನಾನು ಆ ಸಂದೇಶವನ್ನು ಮತ್ತೆ ಮತ್ತೆ ಕೇಳಿ ಆನಂದಿಸಿದೆ. ಆದರೂ ಬೆಳಕಿನ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅಂಗಡಿಯ ಗಾಜಿನ ಕಪಾಟಿನಲ್ಲಿ ದಿನವಿಡೀ ದೀಪ ಉರಿಯುತ್ತದಲ್ಲ ಎಂದು ಪೆಟ್ಟಿಗೆಯ ಸಸಿಗಳಲ್ಲಿ ಕೆಲವನ್ನು ಅಲ್ಲಿಗೆ ಸಾಗಿಸಿದೆ. ಒಂದು ದಿನ ನಿವೃತ್ತ ಹೆಡ್ಮಿಸ್ಸೊಬ್ಬರು ಹೊಸ ಕನ್ನಡಕ ಕೊಂಡು, ನಾನು ಬಿಲ್ಲು ಬರೆಯುವಷ್ಟರಲ್ಲಿ ಕೈಗೆ ಸಿಕ್ಕಿದ ಪೆಟ್ಟಿಗೆ ತೆರೆದರು. ಒಳಗಿಂದ ಬದನೆ ಸಸಿ ತಲೆ ಎತ್ತಿತು. ಅವರು ಅದನ್ನೂ ನನ್ನನ್ನೂ ಹೊಸ ಕನ್ನಡಕದಲ್ಲೇ ಪರೀಕ್ಷಿಸಿ, "ಏನ್ರೀ ಇದು? ಕನ್ನಡಕಕ್ಕೆ ಗೊಬ್ಬರ ಹಾಕಿ ನಂಬರು ಬೆಳೆಸ್ತಾ ಇದ್ದೀರಾ?" ಎಂದರು. ಅವರ ಹಿಂದೆ ನಿಂತಿದ್ದ ಗಿರಾಕಿಗಳು ನಕ್ಕ ನಗು ಬಂಗಾರಪೇಟೆಯ ಬಜಾರಿನಲ್ಲಿ ಇನ್ನೂ ಪೂರ್ತಿ ಅಡಗಿಲ್ಲ.

ಶ್ರಾವಣದ ಒಂದು ಭಾನುವಾರ ನಾಗೇಶ ಖಾಲಿ ಕೈಯಲ್ಲಿ ನಮ್ಮ ಮನೆಗೆ ಬಂದ. ಅಂಥ ದೃಶ್ಯ ನಾನು ಅದುವರೆಗೆ ಕಂಡಿರಲಿಲ್ಲ. "ಎಗ್ಗಣ ಬಂದು ಎಲ್ಲಾ ನಾರು ಮುಗಿಸ್ಬುಟ್ವು ಅಣ್ಣ. ಚೆಂಡು ಊವು ಒಂದೆಲೇನೂ ಉಳೀಲಿಲ್ಲ. ಈಗ ಬೀಜ ಆಕುದ್ರೆ ಅಬ್ಬ ಕಳೆದ್ಮೇಲೆ ಊವು ಬತ್ತದೆ" ಎಂದ. ಸಸಿಗೆ ನಮ್ಮ ಕಡೆ ನಾರು ಎನ್ನುತ್ತಾರೆ. ಅಯ್ಯೋ ಎಂದೆ ನಾನು. ಬಾಯಿ ಅಯ್ಯೋ ಎನ್ನುವಾಗ ಒಳಗೆ ತಂಪಾದ ಎಳನೀರು ಇಳಿದ ಹಾಗಾಯಿತು. ನಾನೇ ಎದ್ದು ಹೋಗಿ ಅವನಿಗೆ ಕಾಫಿ ಮಾಡಿ ತಂದೆ. ಸರೋಜ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. ಅಷ್ಟರಲ್ಲಿ ನಾನು ಒಳ್ಳೊಳ್ಳೆಯ ಸಸಿಗಳನ್ನು ಆರಿಸಿ ತಾರಸಿಯ ಕುಂಡಗಳಲ್ಲಿ ನೆಟ್ಟಾಗಿತ್ತು. ಹಳದಿ ತಿರುಗಿ, ಒಂದರ ಮೇಲೊಂದು ಒರಗಿ, ಬಿಸಾಡಲೆಂದು ಇಟ್ಟವು ಲೋಟಗಳಲ್ಲೇ ಉಳಿದಿದ್ದವು. ಅವನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ, "ತಗೋಪ್ಪ, ಮನೆಯವರ ಹತ್ತಿರ ಸಂಕೋಚ ಯಾಕೆ?" ಎಂದು ಎರಡೂ ಕೈಯಲ್ಲಿ ಎತ್ತಿಕೊಟ್ಟೆ. ಅವನು ಅದನ್ನು ಮೊಪೆಡ್ಡಿನ ಮುಂದೆ ಕೂಸಿನ ಹಾಗೆ ಇಟ್ಟುಕೊಂಡು ಹೋದ. ದಾನದಲ್ಲಿ ಇಷ್ಟು ಸುಖವಿದೆ ಎಂದು ನನಗೆ ಆ ದಿನವೇ ತಿಳಿದದ್ದು.

ನನ್ನ ಕುಂಡಗಳ ಚೆಂಡು ಹೂ ಗೌರಿಹಬ್ಬಕ್ಕೇ ಅರಳಿತು. ಅಂಗಿಯ ಗುಂಡಿಯಷ್ಟು ದೊಡ್ಡದು. ಎಲ್ಲರಿಗಿಂತ ಮೊದಲು ನನ್ನದೇ ಅರಳಿತು ಎಂದು ಬೀಗಿದ್ದಾಯಿತು. ಹಬ್ಬ ಮುಗಿಯುವಷ್ಟರಲ್ಲಿ ಗಿಡಗಳೂ ತಮ್ಮ ಕೆಲಸ ಮುಗಿಯಿತೆಂದು ಒಣಗತೊಡಗಿದವು. ಲೋಟದಿಂದ ಕಿತ್ತು ನೆಟ್ಟ ಮೂಲಂಗಿ ಇಲಿಯ ಬಾಲದಂತೆ ಸುರುಳಿ ಸುತ್ತಿತ್ತು. ಕಿಟಕಿಯ ಹುರುಳಿಕಾಯಿ ಬಳ್ಳಿ ಪರದೆ ಹತ್ತಿ ಫ್ಯಾನಿನತ್ತ ಹೊರಟಿತ್ತು. ಆಯುಧಪೂಜೆ ಹತ್ತಿರ ಬಂತು, ನನ್ನ ಬಳಿ ಹೂವಿಲ್ಲ. ನಾಗೇಶನ ಮನೆಯಲ್ಲೂ ಏನೂ ಇರಲಾರದು ಎಂಬ ಒಂದೇ ಧೈರ್ಯ. ಅದನ್ನು ಖಚಿತಪಡಿಸಿಕೊಳ್ಳಲು, ಚೆನ್ನಾಗಿ ತಿರುಗುತ್ತಿದ್ದ ಮಿಕ್ಸಿಯನ್ನು ರಿಪೇರಿಗೆಂದು ಎತ್ತಿಕೊಂಡು ನಂದಿದುರ್ಗಕ್ಕೆ ಹೋದೆ.

ಲೈನ್ ಮನೆಗಳ ತಿರುವಿನಲ್ಲೇ ಕಾಣಿಸಿತು. ಗಣಿ ಮಣ್ಣಿನ ಬೂದು ದಿಬ್ಬದ ಎದುರಿಗೆ, ಅವನ ಚಾಪೆಯಗಲದ ಜಾಗದಲ್ಲಿ ಕಿತ್ತಳೆ ಬಣ್ಣ ಉಕ್ಕಿ ಬೇಲಿಯಿಂದ ಹೊರಗೆ ಚೆಲ್ಲುತ್ತಿತ್ತು. ಒಂದೊಂದು ಹೂವೂ ಮುಷ್ಟಿಯಷ್ಟು. "ನಿಮ್ಮ ನಾರೇ ಅಣ್ಣ!" ಎಂದು ನಾಗೇಶ ಓಡಿಬಂದ. "ಉದ್ದ ಆಗಿದ್ವಲ್ಲ, ಕತ್ತಿನ ತಂಕ ಊತಾಕ್ದೆ. ಮೊಗ್ಗು, ತುದಿ ಎಲ್ಲಾ ಚಿವುಟ್ಬುಟ್ಟೆ. ಪಕ್ಕದಾಗೆಲ್ಲ ಕವಲೊಡೀತು. ಅಷ್ಟೇ." ನಾನು ಆ ಗಿಡಗಳನ್ನು ದುರುಗುಟ್ಟಿ ನೋಡಿದೆ. ನನ್ನ ಕಿಟಕಿಯಲ್ಲಿ ನನ್ನ ನೀರು ಕುಡಿದು, ನನ್ನ ಹೆಂಡತಿಯ ಬೆಳಕು ತಿಂದು, ಕ್ಷಯ ಬಂದವರ ಹಾಗೆ ಮಲಗಿದ್ದವು ಇಲ್ಲಿ ಬಂದು ಮೈ ತುಂಬಿಕೊಂಡಿವೆ! ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಟ್ಟವನಿಗೆ ಸಸ್ಯಗಳ ಮೇಲೆ, ಅದೂ ಸ್ವಂತ ಸಸ್ಯಗಳ ಮೇಲೆ ಪಡುವುದು ಹೊಸ ಅನುಭವ. ನಾಗೇಶ ಮಿಕ್ಸಿಯನ್ನು ಒಳಗೆ ಒಯ್ದು ತಿರುಗಿಸಿ ನೋಡಿ, "ಇದ್ರಾಗೇನೂ ಕೆಟ್ಟಿಲ್ವಲ್ಲಣ್ಣ?" ಎಂದ. ಕೆಟ್ಟಿರುವುದು ಮಿಕ್ಸಿಯಲ್ಲ ಎಂದು ಅವನಿಗೆ ಹೇಗೆ ಹೇಳಲಿ?

ಆಯುಧಪೂಜೆಯ ದಿನ ಬೂದಿಕೋಟೆಯಲ್ಲಿ ಹಾಲಿನ ಮಿಷನ್ನು ಹೂವಿನಲ್ಲಿ ಮುಳುಗಿಹೋಗಿತ್ತು. ನಾಗೇಶ ನೆರೆದವರೆದುರು, "ಊವೆಲ್ಲ ಅಣ್ಣಂದು, ನಾನು ಬರೀ ನೀರಾಕಿದ್ದು" ಎಂದು ಸಾರಿದ. "ದೊಡ್ಡಳಿಯಂದ್ರು ಆಡಿದ್ ಮಾತು ಉಳಿಸ್ಕೊಂಡ್ರು ನೋಡಿ" ಎಂದು ಅತ್ತೆ ನನ್ನ ತಟ್ಟೆಗೆ ತುಪ್ಪ ಸುರಿದರು. ನಾನು ಹಿಗ್ಗಬೇಕಿತ್ತು. ಆದರೆ ಮಾವ ಪಕ್ಕದವರಿಗೆ, "ಇವ್ನು ಬೆಳ್ದು ಅವ್ರ ಎಸ್ರು ಏಳ್ತಾನಲ್ಲ, ಎಂಥಾ ದೊಡ್ಡ ಮನ್ಸು" ಎಂದದ್ದು ಕಿವಿಗೆ ಬಿತ್ತು. ಹೂವು ನನ್ನದೆಂದು ಸಾರಿಯೂ ಹೆಸರು ಅವನಿಗೇ ಬಂತು. ತುಪ್ಪ ಬಿದ್ದ ತಟ್ಟೆಯನ್ನು ಹಾಗೇ ಬಿಟ್ಟು ಎದ್ದೆ. ಮುಖ ಊದಿಸಿಕೊಂಡು ಕೊಟ್ಟಿಗೆಯ ಹತ್ತಿರ ಹೋಗಿ ನಿಂತೆ.

ಸ್ವಲ್ಪ ಹೊತ್ತಿಗೆ ನಾಗೇಶ ಅಲ್ಲಿಗೇ ಬಂದ. ಹಸುವಿನ ಕತ್ತಿನ ಗಂಗೆದೊಗಲು ಸವರುತ್ತ, ತಲೆ ತಗ್ಗಿಸಿ, ನನ್ನ ಮುಖ ನೋಡದೆ, "ಅಣ್ಣ, ಒಂದ್ ಮಾತು ಏಳ್ತೀನಿ, ತಪ್ಪು ತಿಳ್ಕೋಬೇಡಿ. ಗುಂಪಲ್ಲಿ ನಿಮ್ಮ ನಾರಿನ ಫೋಟೋ ನೋಡ್ದಾಗ್ನಿಂದ ನಂಗೆ ಒಟ್ಟೆ ಉರ್ದೋಗ್ತಿತ್ತು. ಊಟ ಸೇರ್ತಿರ್ಲಿಲ್ಲ" ಎಂದ. ಅವನ ದನಿ ನಡುಗಿತು. ನನಗೆ ಅವನನ್ನು ತಬ್ಬಿಕೊಳ್ಳಬೇಕೆನ್ನಿಸಿತು, ತಬ್ಬಿಕೊಂಡೆ. "ಬಿಡಪ್ಪ, ಮನುಷ್ಯ ಅಂದಮೇಲೆ ಇದೆಲ್ಲ ಇರುತ್ತೆ" ಎಂದು ಬೆನ್ನು ತಟ್ಟಿದೆ. ಆ ಉದಾರ ಗಳಿಗೆಯಲ್ಲಿ, ಎಂದೂ ಕೇಳದ ಪ್ರಶ್ನೆಯನ್ನೂ ಕೇಳಿದೆ: "ಯಾವಾಗ ಬೀಜ ಹಾಕಬೇಕು ನಾಗೇಶ?" ಅವನು ವಿವರವಾಗಿ ಹೇಳಿದ. ಹಬ್ಬದ ಚೆಂಡು ಹೂವಿಗೆ ಆಷಾಢದಲ್ಲಿ ಬೀಜ, ಶ್ರಾವಣದಲ್ಲಿ ಹೊರಗೆ ನಾಟಿ. ಬೇಸಿಗೆಯ ಮೆಣಸಿನಕಾಯಿ, ಬದನೆ ಮೆಲ್ಲಗೆ ಏಳುವಂಥವು, ಅವನ್ನು ಸಂಕ್ರಾಂತಿಯ ಚಳಿಯಲ್ಲೇ ಒಳಗೆ ಹಾಕಬೇಕು. ಟೊಮೆಟೊ ಅದಾದ ಮೇಲೆ. ಮೂಲಂಗಿ, ಹುರುಳಿಕಾಯಿಗೆ ಒಳಗಿನ ಆರೈಕೆಯೇ ಆಗದು, ನೇರ ಮಣ್ಣಿಗೆ. ಎಲ್ಲಕ್ಕೂ ಮೊದಲು, ಹೊರಗೆ ನೆಡುವ ದಿನ ಯಾವುದೆಂದು ನೋಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ನಾನು ಯಾವಾಗಲೂ ಅವನಿಂದ ಹಿಂದಕ್ಕೆ ಎಣಿಸುತ್ತಿದ್ದೆ.

ಆಮೇಲಿನ ದಿನಗಳು ನನ್ನ ಜೀವನದ ಸುವರ್ಣಕಾಲ. ಹೊಲಿಗೆ ಯಂತ್ರವನ್ನು ನಾನೇ ಹೊತ್ತು ಕಿಟಕಿಗೆ ಮರಳಿಸಿದೆ. ನಾಗೇಶ ತಂದ ಬದನೆಕಾಯಿಯನ್ನು ಬಾಯಿ ತುಂಬ ಹೊಗಳಿದೆ. ಅವನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂಬ ನೆನಪೇ ಬೆಲ್ಲದ ಅಚ್ಚಿನಂತೆ ದವಡೆಯಲ್ಲಿ ಕರಗುತ್ತಿತ್ತು. ಅವನ ಮೇಲೆ ಕನಿಕರವೂ ಹುಟ್ಟಿತು. ಒಂದು ಮಧ್ಯಾಹ್ನ ಸರೋಜಳಿಗೆ, "ನೋಡು, ನಿನ್ನ ತಂಗಿಗೆ ಸೂಕ್ಷ್ಮವಾಗಿ ಒಂದು ಮಾತು ಹೇಳು. ನಾಗೇಶ ಒಳ್ಳೆಯ ಹುಡುಗ, ಆದರೆ ಆ ಹೊಟ್ಟೆಕಿಚ್ಚು ಅವನ ಆರೋಗ್ಯಕ್ಕೆ ಒಳ್ಳೆಯದಲ್ಲ" ಎಂದೆ.

ಸರೋಜ ಯಂತ್ರ ತುಳಿಯುವುದನ್ನು ನಿಲ್ಲಿಸಿ, ಹಲ್ಲಲ್ಲಿದ್ದ ದಾರ ತೆಗೆದಳು. "ಅವ್ನಿಗ್ಯಾವ ಒಟ್ಟೆಕಿಚ್ರೀ? ಅವತ್ತು ನೀವು ಮುಖ ಊದಿಸ್ಕೊಂಡು ಕೊಟ್ಗೆತಾವ ನಿಂತಿದ್ರಲ್ಲ, ನೋಡಾಕಾಗ್ದೆ ನಾನೇ ಅವ್ನಿಗೆ ಏಳ್ಕೊಟ್ಟು ಕಳಿಸ್ದೆ. ಒಟ್ಟೆ ಉರೀತು ಅಂತ ಒಂದ್ ಮಾತು ಅನ್ನಪ್ಪ, ಈ ಮನುಷ್ಯ ಊಟ ಮಾಡ್ಲಿ ಅಂತ."

ಅವತ್ತು ಅವನ ಮಾತು ಕೇಳಿ ಪಂಕ್ತಿಗೆ ಮರಳಿದವನು ಎರಡು ಸಲ ಹಾಕಿಸಿಕೊಂಡು ಉಂಡಿದ್ದೆ. ಆ ತಗ್ಗಿದ ತಲೆ, ನಡುಗಿದ ದನಿ, ಊಟ ಸೇರುತ್ತಿರಲಿಲ್ಲ ಎಂಬ ಮಾತು. ಇಷ್ಟು ವರ್ಷ ಹೊಟ್ಟೆ ಉರಿದುಕೊಂಡರೂ ನನ್ನ ಊಟ ಒಂದು ದಿನವೂ ತಪ್ಪಿರಲಿಲ್ಲ. ಇಲ್ಲದ ಹೊಟ್ಟೆಕಿಚ್ಚನ್ನೂ ಅವನು ನನಗಿಂತ ಚೆನ್ನಾಗಿ ಪಡುತ್ತಾನೆ.